ಎಸೆಯದ ಟವೆಲು

ಬಿಳಿ ಟವೆಲು ಗಾಳಿಯಲ್ಲಿ ಅರ್ಧ ಬಿಚ್ಚಿಕೊಂಡು, ಹಗ್ಗಗಳ ಮೇಲಿಂದ ಹಾರಿ, ರಿಂಗಿನ ನಡುವೆ ಚಾಂಪಿಯನ್ನನ ಕಾಲ ಬಳಿ ಬಿದ್ದಾಗ ಬಾಲಚಂದ್ರರ ಫ್ಲಾಟಿನಲ್ಲಿ ಕೂತಿದ್ದ ಹದಿನಾಲ್ಕು ಮಂದಿಯೂ ಒಮ್ಮೆಗೇ ಕೂಗಿಕೊಂಡರು. ಹೊನ್ನಪ್ಪ ಮಾತ್ರ ಕೂಗಲಿಲ್ಲ. ಅವನ ಬಲಗೈ ತಾನಾಗಿಯೇ ತೊಡೆಯ ಮೇಲೆ ಬಿಗಿದುಕೊಂಡು ಅಲ್ಲಿಲ್ಲದ ಬಟ್ಟೆಯೊಂದನ್ನು ಹಿಂಡುತ್ತಿತ್ತು. ಅಮೆರಿಕದಲ್ಲಿ ಶನಿವಾರ ರಾತ್ರಿ, ವಿಜಯವಾಡದಲ್ಲಿ ಭಾನುವಾರ ಬೆಳಗಿನ ಒಂಬತ್ತೂಕಾಲು. ಹೆವಿವೇಟ್ ಬಾಕ್ಸಿಂಗ್ ಪಟ್ಟವನ್ನು ನಾಲ್ಕನೆಯ ಸಲ ಉಳಿಸಿಕೊಳ್ಳಲು ಇಳಿದಿದ್ದ ಡ್ಯಾರಿಯಸ್ ಕ್ರೀಲ್ ಒಂಬತ್ತನೆಯ ಸುತ್ತಿನಲ್ಲಿ ಎರಡು ಸಲ ಬಿದ್ದು ಎರಡು ಸಲ ಎದ್ದಿದ್ದ. ಮೂರನೆಯ ಸಲ ಬೀಳುವ ಮೊದಲೇ ಅವನ ಮುದಿ ಕೋಚ್ ಟವೆಲು ಎಸೆದು ಸೋಲೊಪ್ಪಿಬಿಟ್ಟಿದ್ದ. ಎಸೆದವನು ಯಾರ ಮುಖವನ್ನೂ ನೋಡದೆ ಹಗ್ಗದಡಿ ನುಸುಳಿ ಬಂದು ಕ್ರೀಲ್‌ನ ತಲೆಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. ಕ್ರೀಲ್ ಅವನನ್ನು ತಳ್ಳಿದ. ಮುದುಕ ಮತ್ತೆ ಹಿಡಿದುಕೊಂಡ.

"ಏನ್ ಹಲ್ಕಟ್ ಮನಷ್ಯಾ ಅದಾನ್ರೀ ಇಂವಾ!" ಬಾಲಚಂದ್ರರು ಸೋಫಾದಿಂದ ಎದ್ದೇ ಬಿಟ್ಟಿದ್ದರು. ಗವರ್ನರ್‌ಪೇಟೆಯ ಬ್ಯಾಂಕಿನಲ್ಲಿ ಅವರು ಚೀಫ್ ಮ್ಯಾನೇಜರು. ನೌಕಾಪಡೆಯಿಂದ ನಿವೃತ್ತನಾಗಿ ಮಾಜಿ ಸೈನಿಕರ ಕೋಟಾದಲ್ಲಿ ಬಂದ ಹೊನ್ನಪ್ಪ ಅದೇ ಬ್ಯಾಂಕಿನಲ್ಲಿ ಗುಮಾಸ್ತ. "ಇನ್ನೂ ನಿಂತಾನ ನೋಡ್ರಿ, ನಿಂತಾನ! ನಿಂತ ಗಂಡಸನ್ನ ಮನೀಗ್ ಕಳಸ್ತಾರೇನು?"

ಕನ್ನಡ ಸಂಘದ ವಾಟ್ಸ್ಯಾಪ್ ಗುಂಪು ಹೊನ್ನಪ್ಪನ ಜೇಬಿನಲ್ಲಿ ಗುಂಯ್‌ಗುಡುತ್ತಲೇ ಇತ್ತು. ತೆಗೆದು ನೋಡಿದ. ಕೋಚ್‌ನ ಕೈಗೆ ಬಳೆ ತೊಡಿಸಿದ ಚಿತ್ರ ಆಗಲೇ ಬಂದಿತ್ತು. ‘ಕೋಚ್ ಎಷ್ಟಕ್ಕೆ ಮಾರಿಕೊಂಡ?’ ‘ಬೆಳಗ್ಗೆ ಐದಕ್ಕೆ ಎದ್ದಿದ್ದು ಇದನ್ನ ನೋಡೋಕಾ?’ ‘ರಿಂಗಲ್ಲಿ ಸತ್ತರೆ ವೀರ, ಬದುಕಿದರೆ ಹೇಡಿ.’ ಕೊನೆಯದನ್ನು ಬರೆದವನು ಸಕ್ಕರೆ ಕಾಯಿಲೆಯ ಒಬ್ಬ ಕ್ಯಾಷಿಯರು. ನಾಲ್ಕನೆಯ ಮಹಡಿಗೆ ಲಿಫ್ಟ್ ಕೆಟ್ಟಿದ್ದರೆ ಸಂಘದ ಸಭೆಗೇ ಬರುವವನಲ್ಲ. ಈ ಕ್ರೀಲ್ ಎಂಬವನು ಕಸದ ಲಾರಿಯ ಹಿಂದೆ ನಿಂತು ಬೆಳೆದವನಂತೆ, ಅವನಪ್ಪನೂ ಅದೇ ಲಾರಿಯವನಂತೆ. ಪಂದ್ಯಕ್ಕೆ ಮೊದಲು ಟಿವಿಯವರು ಅದನ್ನು ಮೂರು ಸಲ ಹೇಳಿದ್ದರು, ತಿಂಡಿಗೆ ಮೊದಲು ನೀರು ಕೊಟ್ಟ ಹಾಗೆ. ಕಸ ಹೊತ್ತವನ ಮೈಯಿಂದ ರಕ್ತ ಬರಬೇಕು, ಅದು ಬರುವಾಗ ಸೋಫಾದಲ್ಲಿ ಕೂತವರ ತಟ್ಟೆಯಲ್ಲಿ ಉಪ್ಪಿಟ್ಟು ಬಿಸಿಯಾಗಿರಬೇಕು. ಲೋಕ ನಡೆಯುತ್ತಿರುವುದೇ ಹೀಗೆ, ಎಂದುಕೊಂಡ ಹೊನ್ನಪ್ಪ; ಅಂದುಕೊಂಡ ಕೂಡಲೇ ತನ್ನ ಕೈಯಲ್ಲೂ ತಟ್ಟೆಯಿರುವುದು ಕಂಡು ಅದನ್ನು ಕೆಳಗಿಟ್ಟ. ಬಾಲಚಂದ್ರರ ಹೆಂಡತಿ ಗಿರಿಜಾ ಚಹಾ ತಂದರು. ಎಲ್ಲರಿಗೂ ಸ್ಟೀಲ್ ಲೋಟ. ಹೊನ್ನಪ್ಪನ ಜೊತೆ ಬಂದಿದ್ದ ಧನಂಜಯನಿಗೂ ಅವನ ಹೆಂಡತಿ ಮಗಳಿಗೂ ಕಾಗದದ ಕಪ್ಪು. "ಲೋಟ ಕಡಿಮಿ ಬಿದ್ದೂ ನೋಡ್ರಿ," ಎಂದು ಅವರು ಯಾರೂ ಕೇಳದಿದ್ದರೂ ಹೇಳಿದರು. ಧನಂಜಯನ ಕೈ ನಡುಗುತ್ತದೆ. ಮೆತ್ತಗಿನ ಕಪ್ಪು ಅವನ ಬೆರಳಿಗೆ ಸಿಕ್ಕಿ ಸೊಟ್ಟಗಾಗಿ ಚಹಾ ಅಂಗಿಯ ಮೇಲೆ ಚೆಲ್ಲಿತು. ಬ್ಯಾಂಕಿಗೆ ಸೇರಿದ ಹೊಸದರಲ್ಲಿ ಹೊನ್ನಪ್ಪನಿಗೂ ಈ ಮನೆಯಲ್ಲಿ ಕಾಗದದ ಕಪ್ಪೇ ಬರುತ್ತಿತ್ತು. ಅದು ಯಾವಾಗ ಸ್ಟೀಲಾಯಿತೋ ಅವನಿಗೆ ಗೊತ್ತಾಗಲಿಲ್ಲ. ಆದಾಗ ಸಂತೋಷವಾಗಿತ್ತು ಎಂಬುದು ಮಾತ್ರ ಚೆನ್ನಾಗಿ ನೆನಪಿದೆ.

"ನಂ ಸಾ ಆಗಿದ್ರೆ ಎಸೀತಿರ್ನಿಲ್ಲ," ಎಂದ ಧನಂಜಯ.

ಅವನು ಎದ್ದು ನಿಂತಿದ್ದ. ಐವತ್ತರ ಹತ್ತಿರದ, ಬಾಗಿಲಷ್ಟು ಅಗಲದ ಆಳು. ಒಂದು ಕಾಲದಲ್ಲಿ ವಿಶಾಖಪಟ್ಟಣದಲ್ಲಿ ಹಡಗಿನ ಅಡುಗೆಯವನು. ಈಗ ಪರವಾಡದ ಔಷಧ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ತರಕಾರಿ ತೊಳೆಯುತ್ತಾನೆ, ಒಲೆಯ ಹತ್ತಿರ ಅವನನ್ನು ಬಿಡುವುದಿಲ್ಲ. ಮಗಳು ಸಿಂಧೂರಳ ಬಾಕ್ಸಿಂಗ್ ಪಂದ್ಯಕ್ಕೆಂದು ನಿನ್ನೆ ಮೂವರೂ ರೈಲಿನಲ್ಲಿ ಬಂದು ಹೊನ್ನಪ್ಪನ ಮನೆಯಲ್ಲಿ ಇಳಿದುಕೊಂಡಿದ್ದರು. "ಹತ್ತೊಂಬತ್ತ್ ವರ್ಸದ್ ಮಾತು ಬುದ್ಧೀ. ನಾನೂ ಹೆವಿವೇಟೇಯ. ಎಲ್ಡನೇ ರೌಂಡ್‌ಗೇ ಕಣ್ಣ್ ಮುಚ್ಚೋಗಿತ್ತು. ಸಾ ಟವಲ್ ಕೈಗ್ ತಕ್ಕಂಡ್ರು. ನಾನಂದೆ, ಸಾ, ಅದ್ನ ಎಸುದ್ರೆ ನಿಮ್ಮ್ ಮಕ ನೋಡಾಕಿಲ್ಲ ನಾನು, ಅಂದೆ. ಸಾ ಎಸೀನಿಲ್ಲ. ಅವ್ರು ಗಂಡಸು."

ಹಾಲ್‌ನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಯಾರೋ ಹೊನ್ನಪ್ಪನ ಬೆನ್ನಿಗೆ ಗುದ್ದಿದರು. "ಹೊನ್ನಪ್ಪಾ, ಹಿಂಗೈತೇನು ನಿನ್ನ್ ಕಥಿ! ಕೌಂಟರ್‍ನ್ಯಾಗ ಕುಂತ್ರ ಬೆಕ್ಕಿನಂಗ ಇರ್ತಿದ್ದಿ!" ಎಂದು ಬಾಲಚಂದ್ರರು ನಕ್ಕರು. ಧನಂಜಯ ಕಣ್ಣು ಒರೆಸಿಕೊಂಡು ಕೂತ. ಕಲೆಯಾದ ಅಂಗಿಯಲ್ಲೂ ಅವನು ಈಗ ಈ ಮನೆಯ ಯಾರಿಗಿಂತಲೂ ದೊಡ್ಡವನಾಗಿ ಕಾಣುತ್ತಿದ್ದ. ಆ ಕಥೆಯಲ್ಲಿ ಒಂದು ಅಕ್ಷರವೂ ನಿಜವಲ್ಲ ಎಂಬುದು ಭೂಮಿಯ ಮೇಲೆ ಒಬ್ಬನಿಗೆ ಮಾತ್ರ ಗೊತ್ತಿತ್ತು. ಹೇಳಿದವನಿಗೂ ಗೊತ್ತಿರಲಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ಧನಂಜಯನ ತೂಕ ನೋಡಿದ್ದು ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ. ಹಡಗು ಹಡಗುಗಳ ನಡುವಿನ ಪಂದ್ಯಾವಳಿ. ಹೊನ್ನಪ್ಪ ಆಗ ವ್ಯಾಯಾಮ ಶಿಕ್ಷಕ, ಹೆವಿವೇಟಿಗೆ ಆಳಿರಲಿಲ್ಲ. ರಿಂಗಿಗೆ ಇಳಿದು ಮೂರು ಸುತ್ತು ಮುಗಿಸಿದರೆ ಸೋತವನಿಂದಲೂ ತಂಡಕ್ಕೆ ಒಂದು ಅಂಕ ಬರುತ್ತಿತ್ತು. ನಡುವೆ ಟವೆಲು ಎಸೆದರೆ ಅದೂ ಇಲ್ಲ. ಅಡುಗೆಮನೆಗೆ ಹೋಗಿ, ಚಪಾತಿ ಹಿಟ್ಟು ನಾದುತ್ತಿದ್ದ ಧನಂಜಯನನ್ನು ತಕ್ಕಡಿಯ ಮೇಲೆ ನಿಲ್ಲಿಸಿದ. ತೊಂಬತ್ತಾರು ಕಿಲೋ. "ಹೊಡಿಯೋದು ಬೇಡ ಕಣೋ, ನಿಂತ್ಕೊಂಡಿದ್ರೆ ಸಾಕು," ಎಂದಿದ್ದ. ಹುಟ್ಟಿದಾಗಿನಿಂದ ನಿಂತುಕೊಂಡೇ ಇದ್ದವನಿಗೆ ಅದೇನು ಕಷ್ಟವೆನಿಸಲಿಲ್ಲ: ಗೌಡರ ಅಂಗಳದಲ್ಲಿ ನಿಂತವನು, ಶಾಲೆಯ ಬಾಗಿಲ ಹೊರಗೆ ನಿಂತವನು, ಸೈನ್ಯದ ಭರ್ತಿಯ ಸಾಲಿನಲ್ಲಿ ಎರಡು ದಿನ ನಿಂತವನು. "ಆಯ್ತು ಸಾ," ಎಂದ. ಸಂಜೆಯ ಬಯಲಿನಲ್ಲಿ ರಿಂಗು, ಮುಂದಿನ ಸಾಲಿನಲ್ಲಿ ಬಿಳಿಯುಡುಪಿನ ಅಧಿಕಾರಿಗಳು, ಅವರ ಮನೆಯವರು, ಟ್ರೇಗಳಲ್ಲಿ ನಿಂಬೆಯ ಶರಬತ್ತು. ಅಲ್ಲಿ ಒಂದು ಶಿಸ್ತಿತ್ತು. ಸುತ್ತು ನಡೆಯುವಾಗ ನೋಡುವವರು ಸದ್ದು ಮಾಡುವಂತಿಲ್ಲ. ಚಪ್ಪಾಳೆ ಏನಿದ್ದರೂ ಗಂಟೆಯಾದ ಮೇಲೆ, ವಿರಾಮದ ಒಂದು ನಿಮಿಷದಲ್ಲಿ. ಹಾಗಾಗಿ ಹೊಡೆತಗಳು ಕೇಳಿಸುತ್ತಿದ್ದವು. ಒದ್ದೆ ಗೋಣಿಚೀಲವನ್ನು ಕಲ್ಲಿಗೆ ಬಡಿದಂಥ ಸದ್ದು, ಅದರ ಹಿಂದೆ ಧನಂಜಯನ ಉಸಿರಿನ ಸದ್ದು, ಅದರ ಹಿಂದೆ ಐದುನೂರು ಜನ ಶಿಸ್ತಿನಿಂದ ಸುಮ್ಮನಿರುವ ಸದ್ದು. ಎರಡನೆಯ ಸುತ್ತು ಮುಗಿದು ಅವನು ಮೂಲೆಯ ಸ್ಟೂಲಿಗೆ ಬಂದು ಬಿದ್ದಾಗ ಮೈದಾನವೆಲ್ಲ ಚಪ್ಪಾಳೆ. ಆ ಚಪ್ಪಾಳೆಯೊಳಗೆ ಅವನು ಹೊನ್ನಪ್ಪನ ಮುಂಗೈ ಹಿಡಿದು, "ಸಾಕು ಸಾ," ಎಂದ. ಇನ್ನೂ ಏನೋ ಅಂದ. ಯಾರಿಗೂ ಕೇಳಿಸಲಿಲ್ಲ. ಹೊನ್ನಪ್ಪನಿಗೆ ಕೇಳಿಸಿತು. ಟವೆಲು ಹೆಗಲ ಮೇಲಿತ್ತು. ಅಂಕಪಟ್ಟಿಯಲ್ಲಿ ಒಂದೇ ಒಂದು ಅಂಕದ ಅಂತರವಿತ್ತು. ಗಂಟೆಯಾದಾಗ ಅವನು ಆ ಅಗಲವಾದ, ಒದ್ದೆ ಬೆನ್ನಿಗೆ ಎರಡೂ ಅಂಗೈ ಇಟ್ಟು ಮುಂದಕ್ಕೆ ತಳ್ಳಿದ.

ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಎಚ್ಚರವಾದಾಗ ಧನಂಜಯನಿಗೆ ಆ ಸಂಜೆಯೇ ನೆನಪಿರಲಿಲ್ಲ. "ಏನಾಯ್ತು ಸಾ?" ಎಂದು ಕೇಳಿದ. ಮಂಚದ ಪಕ್ಕ ಅವನ ಹೆಂಡತಿ ಮಂಗಳಾಗೌರಿ ಒಂದು ವರ್ಷದ ಕೂಸನ್ನೆತ್ತಿಕೊಂಡು ನಿಂತಿದ್ದಳು. ಹೊನ್ನಪ್ಪ ತಂದಿದ್ದ ಮೋಸಂಬಿಯ ಚೀಲವನ್ನು ಕೆಳಗಿಟ್ಟು, ಮೋಸಂಬಿ ಕೊಟ್ಟಷ್ಟೇ ಸುಲಭವಾಗಿ ಈ ಕಥೆಯನ್ನೂ ಕೊಟ್ಟ: ‘ನಾನು ಎಸೀತೀನಿ ಅಂದೆ, ನೀನೇ ಬೇಡ ಅಂದೆ.’ ಅವನ ಊದಿದ ಮುಖದಲ್ಲಿ ಒಂದು ಬೆಳಕು ಬಂತು. ಆ ಬೆಳಕನ್ನು ನೋಡಿ ಹೊನ್ನಪ್ಪ ತಾನು ಮಾಡಿದ್ದು ಉಪಕಾರವೇ ಇರಬೇಕೆಂದುಕೊಂಡ. ಹತ್ತೊಂಬತ್ತು ವರ್ಷ ಹಾಗೆಯೇ ಅಂದುಕೊಂಡು ಬಂದ.

"ಅಂಕಲ್, ನೀವು ಎಸೆಯಲ್ಲ ಕದಾ?"

ಕನ್ನಡಕ್ಕೆ ತೆಲುಗು ಬೆರೆಸಿಯೇ ಮಾತಾಡುವ ಸಿಂಧೂರ ಪಕ್ಕದಲ್ಲೇ ಬಂದು ಕೂತಿದ್ದಳು. ಅಪ್ಪನದೇ ಹೆಗಲು. ಬಸ್ಸಿನಲ್ಲಿ ಎರಡು ಟಿಕೆಟ್ ತಗೋ ಎಂದು ಹುಡುಗರು ರೇಗಿಸಿದ್ದ ಈ ಮೈಯನ್ನು ಗೌರವದಿಂದ ಕಂಡ ಒಂದೇ ಜಾಗ ರಿಂಗು ಎಂದು ನಿನ್ನೆ ಊಟದ ಹೊತ್ತಿನಲ್ಲಿ ನಗುತ್ತ ಹೇಳಿದ್ದಳು. ಇವತ್ತು ನಾಲ್ಕು ಗಂಟೆಗೆ ಎಂಬತ್ತು ಕಿಲೋ ಮೇಲಿನವರ ಫೈನಲ್ಲು. ಕಾಲೇಜಿನ ಕೋಚ್‌ಗೆ ಅದೇ ಹೊತ್ತಿಗೆ ಇನ್ನೊಂದು ರಿಂಗಿನಲ್ಲಿ ಕೆಲಸ. ಅವಳ ಮೂಲೆಯಲ್ಲಿ ನಿಲ್ಲುವವನು ಹೊನ್ನಪ್ಪ. ಅವಳೇ ಬೇಡಿ ಕರೆಸಿಕೊಂಡದ್ದು. "ಆ ಮುದುಕನ ಹಾಗೆ ಮಾಡಬೇಡಿ. ಏನಾದ್ರೂ ಪರ್ವಾಲೇದು. ನಾನೂ ನಾನ್ನ ಥರಾನೇ, ಅಪ್ಪನ ಮಗಳು. ಮಾಟ ಕೊಡಿ."

ಮಾತು ಕೊಡಿ ಎಂದು ಅವಳು ಚಾಚಿದ ಅಂಗೈ ಗಾಳಿಯಲ್ಲೇ ನಿಂತಿತು. ಹೊನ್ನಪ್ಪ ನೀರು ಕುಡಿದು ಬರುತ್ತೇನೆಂದು ಎದ್ದ. ಅಡುಗೆಮನೆಯ ಹೊರಗಿನ ಸಿಂಕಿನ ಹತ್ತಿರ ಮಂಗಳಾಗೌರಿ ಕಾದಿದ್ದವಳಂತೆ ನಿಂತಿದ್ದಳು, ಉಪ್ಪಿಟ್ಟಿನ ತಟ್ಟೆಗಳನ್ನು ತಾನೇ ತೊಳೆಯುತ್ತ. ಯಾರೂ ತೊಳೆ ಎಂದಿರಲಿಲ್ಲ, ಬೇಡವೆಂದೂ ಅಂದಿರಲಿಲ್ಲ.

"ಅಣ್ಣಾ, ರೈಲಲ್ಲಿ ಎರಡು ಸಲ ವಾಂತಿ ಮಾಡ್ಕೊಂಡ್ಳು," ಅವಳು ನಲ್ಲಿಯ ಸದ್ದಿನಡಿಯಲ್ಲಿ ಹೇಳಿದಳು. "ಎರಡು ವಾರದ ಹಿಂದೆ ಪ್ರಾಕ್ಟೀಸಲ್ಲಿ ತಲೆಗೆ ಏಟು ಬಿದ್ದದ್ದು. ಕತ್ತಲೆ ಮಾಡ್ಕೊಂಡು ಮಲಗ್ತಾಳೆ. ಅವರಪ್ಪಂಗೆ ಗೊತ್ತಿಲ್ಲ. ಯಾರಿಗೂ ಹೇಳಲ್ಲ ಅಂತ ತಲೆ ಮೇಲೆ ಕೈ ಇಡಿಸ್ಕೊಂಡು ಆಣೆ ಹಾಕಿಸ್ಕೊಂಡವಳೆ. ಈಗ ನಿಮ್ಮತ್ರ ಹೇಳಿ ಆಣೆ ಮುರಿದೆ."

"ಎರಡು ಗಂಟೆಗೆ ಡಾಕ್ಟರ್ ನೋಡ್ತಾರಲ್ಲ..."

"ಇಲ್ಲ ಅಂತಾಳೆ. ಏನೂ ಇಲ್ಲ ಅಂತ ನಗ್ತಾ ಹೇಳ್ತಾಳೆ, ಅವರಪ್ಪನ ಥರ. ಇವರ ಹಠಕ್ಕೆ ಒಂದು ತಲೆ ಹೋಯ್ತು, ಸಾಲದಾ? ನಿಮ್ಮ ಮಾತು ಕೇಳ್ತಾಳಣ್ಣ. ಅವಳಿಗೆ ನೀವು ದೇವರು."

ಅವನು ನೀರು ಕುಡಿದ. ಲೋಟ ತೊಳೆದಿಟ್ಟ.

ಸ್ಟೇಡಿಯಮ್ಮಿಗೆ ಹೋಗುವ ಆಟೋದಲ್ಲಿ ಅವನು ಡ್ರೈವರನ ಪಕ್ಕ ಅಂಚಿಗೆ ಕೂತ. ಗವರ್ನರ್‌ಪೇಟೆಯ ಸಗಟು ಅಂಗಡಿಗಳು ಭಾನುವಾರದ ಅರ್ಧ ಷಟರ್ ಇಳಿಸಿದ್ದವು. ಹಿಂದಿನ ಸೀಟಿನಲ್ಲಿ ಮೂವರು ಒತ್ತಿಕೊಂಡು ಕೂತಿದ್ದರು; ಸಿಂಧೂರ ದುಪಟ್ಟಾವನ್ನು ಕಣ್ಣಿಗೆ ಕಟ್ಟಿಕೊಂಡಿದ್ದಳು, ಬಿಸಿಲಿಗೆ ಎಂದಳು. ಧನಂಜಯ ದಾರಿಯುದ್ದಕ್ಕೂ ಕ್ರೀಲ್‌ನ ಮಾತೇ ಆಡುತ್ತಿದ್ದ. ದೂರದಲ್ಲಿ ಇಂದ್ರಕೀಲಾದ್ರಿ ಕಂಡಾಗ ಮಂಗಳಾಗೌರಿ ಕೈಯೆತ್ತಿ ಮುಗಿದದ್ದು ಕನ್ನಡಿಯಲ್ಲಿ ಕಾಣಿಸಿತು. ದುರ್ಗಮ್ಮನಿಗೆ ಮುಗಿದ ಕೈ ತನ್ನ ಬೆನ್ನಿಗೂ ಮುಗಿದಂತಾಗಿ ಅವನು ಸೀಟಿನಲ್ಲಿ ಸರಿದು ಕೂತ. ಮಾತು ಕೊಟ್ಟುಬಿಡಬಹುದು, ಎಂದುಕೊಂಡ. ಕೊಟ್ಟು, ಮೊದಲ ಸುತ್ತಿನ ಮೊದಲ ಏಟಿಗೇ ಎಸೆದುಬಿಡಬಹುದು. ಆಮೇಲೆ ಗುಂಪಿನಲ್ಲಿ ಬಳೆಯ ಚಿತ್ರ ಬರುತ್ತದೆ, ಬರಲಿ. ಧನಂಜಯನ ಕಥೆ ಹಾಗೆಯೇ ಉಳಿಯುತ್ತದೆ, ತನ್ನದೂ. ಚೆನ್ನಾದ ಉಪಾಯ; ಗುಮಾಸ್ತನಿಗೆ ತಕ್ಕ ಉಪಾಯ. ಆದರೆ ಟವೆಲು ಗಾಳಿಯಲ್ಲಿ ಹಾರಿ ನೆಲ ಮುಟ್ಟುವುದರೊಳಗೆ ಇನ್ನೊಂದು ಕೈ ಎಷ್ಟು ದೂರ ಬರುತ್ತದೆಂಬುದನ್ನು ಅವನು ಬೆಳಿಗ್ಗೆ ತಾನೇ ನೋಡಿದ್ದ. ಒಮ್ಮೆ ಪೆಟ್ಟಾದ ತಲೆಗೆ ಬೀಳುವ ಎರಡನೆಯ ಏಟು, ಅದು ಎಷ್ಟೇ ಚಿಕ್ಕದಿರಲಿ, ಏನು ಮಾಡುತ್ತದೆಂಬುದನ್ನು ಹತ್ತೊಂಬತ್ತು ವರ್ಷ ಪ್ರತಿ ದೀಪಾವಳಿಗೆ ಪರವಾಡಕ್ಕೆ ಹೋಗಿ ನೋಡಿದ್ದ: ಸಾರಿಗೆ ಎರಡು ಸಲ ಉಪ್ಪು, ಮಂದವಾದ ಒಂದು ಕಿವಿ, ಕರೆದ ಹೆಸರು ಅರ್ಧಕ್ಕೆ ಮರೆತು ತೆರೆದೇ ಉಳಿದ ಬಾಯಿ. ಪ್ರತಿ ಸಲವೂ ಹೊರಡುವಾಗ ಧನಂಜಯ ಗೇಟಿನ ತನಕ ಬಂದು ಸೆಲ್ಯೂಟ್ ಹೊಡೆಯುತ್ತಿದ್ದ.

ತಪಾಸಣೆಗೆ ಕಾರಿಡಾರಿನಲ್ಲಿ ಬೆಂಚು. ಸಿಂಧೂರಳ ಟೋಕನ್ನು ಹನ್ನೊಂದು. ಒಳಗೆ ಎಂಟು ನಡೆಯುತ್ತಿತ್ತು. ಅವಳು ಮತ್ತೆ ಅಂಗೈ ಚಾಚಿದಳು. "ಅಂಕಲ್, ಇನ್ನೂ ಮಾಟ ಕೊಟ್ಟಿಲ್ಲ."

"ನಿಮ್ಮಪ್ಪ ಬೇಡ ಅನ್ಲಿಲ್ಲ ಸಿಂಧು," ಎಂದ ಹೊನ್ನಪ್ಪ. ಎಷ್ಟೋ ಸಲ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. ಇದು ಬಂತು, ಬಾಲವಿಲ್ಲದೆ ತಲೆಯಿಲ್ಲದೆ. "ಸಾಕು ಅಂದಿದ್ದ. ನನ್ನ ಕೈ ಹಿಡ್ಕೊಂಡು ಸಾಕು ಸಾ ಅಂದ. ನಾನು ತಳ್ಳಿದೆ. ಒಂದು ಪಾಯಿಂಟಿಗೆ. ಆಮೇಲೆ ಆಸ್ಪತ್ರೇಲಿ ಉಲ್ಟಾ ಹೇಳ್ದೆ."

ಮೊದಲು ನಕ್ಕವನು ಧನಂಜಯ. "ನೋಡ್ದಾ ಮಂಗ್ಳಿ, ಮಗಿಗೆ ಏಟಾಗ್ಬಾರ್ದೂಂತ ನಂ ಸಾ ಸುಳ್ಳೇಳ್ತಾವ್ರೆ. ಬುಡಿ ಸಾ, ಅವಳಿಗೇನೂ ಆಗಾಕಿಲ್ಲ."

"ಅಬದ್ಧ," ಎಂದಳು ಸಿಂಧೂರ. ಚಾಚಿದ್ದ ಕೈಯನ್ನು ಎಳೆದುಕೊಂಡಿದ್ದಳು. "ಹೆದರಿಕೆ ನಿಮಗೆ. ನೀವೂ ಆ ಮುದುಕನ ಥರಾನೇ. ನಾನ್ನನ್ನ ಯಾಕೆ ಹೇಡಿ ಮಾಡ್ತೀರ?"

ಮಂಗಳಾಗೌರಿ ಮಾತ್ರ ಅವನ ಕೈಗಳನ್ನೇ ನೋಡುತ್ತಿದ್ದಳು. "ಯಾವ ಕೈಲಿ ತಳ್ಳಿದ್ರಿ?" ಎಂದು ಕೇಳಿದಳು.

"ಎರಡೂ ಕೈಲಿ, ಮಂಗಳಮ್ಮ."

"ದಿನಾ ಬೈತಿದ್ದೆ ನಾನು ಇವರನ್ನ," ಎಂದಳು ಅವಳು, ಅವನಿಗಲ್ಲ, ಎದುರಿನ ಗೋಡೆಗೆ. "ನಿನ್ನ ಹಠ ನಮ್ಮ ಮನೆ ಹಾಳು ಮಾಡ್ತು ಅಂತ. ಅನ್ನ ಇಕ್ಕೋವಾಗ ಬೈದಿದೀನಿ. ಜ್ವರ ಬಂದು ಮಲಗಿದ್ದಾಗ ಬೈದಿದೀನಿ. ಅಯ್ಯೋ, ಎಷ್ಟು ಬೈದೆ."

ಧನಂಜಯನ ನಗು ಮುಖದ ಮೇಲೇ ಇತ್ತು, ಒಣಗಲು ಹಾಕಿ ಮರೆತ ಬಟ್ಟೆಯ ಹಾಗೆ. "ಸಾಕು ಅಂದ್ನಾ? ಅಷ್ಟೇಯಾ? ಇನ್ನೇನಂದೆ, ಹೇಳಿ ನೋಡವಾ," ಎಂದ ಸವಾಲು ಹಾಕುವವನಂತೆ.

ಹೊನ್ನಪ್ಪ ಕಣ್ಣು ಮುಚ್ಚಿದ. ಇಷ್ಟು ವರ್ಷ ಆ ಉಳಿದ ಮಾತನ್ನು ತಾನೇ ತನಗೆ ಹೇಳಿಕೊಂಡಿರಲಿಲ್ಲ. "‘ಸಾಕು ಸಾ. ಮುಂದ್ಗಡೆ ಕುರ್ಚಿ ಮ್ಯಾಲೆ ನಮ್ಮ್ ಕೂಸವ್ವ ಕುಂತವ್ಳೆ. ಎಲ್ಡೆಲ್ಡಾಗಿ ಕಾಣ್ತಾವ್ಳೆ’ ಅಂದೆ."

ಮಗು ಅವತ್ತು ಮೈದಾನಕ್ಕೇ ಬಂದಿರಲಿಲ್ಲ. ಕೂಸವ್ವ ಎಂದು ಅವಳನ್ನು ಕರೆಯುತ್ತಿದ್ದವನು ಧನಂಜಯ ಒಬ್ಬನೇ, ಅದೂ ಮನೆಯೊಳಗೆ. ಆಸ್ಪತ್ರೆಯಿಂದ ಬಂದ ಮೇಲೆ ಆ ಹೆಸರೇ ಅವನ ಬಾಯಿಂದ ಬಂದಿರಲಿಲ್ಲ. ಮಂಗಳಾಗೌರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಿಂಧೂರ ಆ ಹೆಸರನ್ನು ಮೊದಲ ಸಲ ಕೇಳಿದವಳಂತೆ ಅಪ್ಪನತ್ತ ತಿರುಗಿದಳು. ಧನಂಜಯನ ನಗು ಬಿದ್ದುಹೋಗಿತ್ತು. ನಗುವಿಲ್ಲದ ಆ ಮುಖವನ್ನು ಹೊನ್ನಪ್ಪ ಹತ್ತೊಂಬತ್ತು ವರ್ಷದಲ್ಲಿ ನೋಡಿರಲಿಲ್ಲ. ಅದು ಮುದುಕನ ಮುಖ. ಏನಾದರೂ ಅನ್ನಲಿ, ಎದ್ದು ಹೊಡೆಯಲಿ, ಎಂದು ಕಾದ. ಅವನು ಹೊಡೆಯಲಿಲ್ಲ. ಒಳಗಿನಿಂದ ಹನ್ನೊಂದು ಎಂದು ಕರೆದರು.

ಚಿಕ್ಕ ಕೋಣೆ. ಮೇಜಿನ ಹಿಂದೆ ಡಾಕ್ಟರು, ಕನ್ನಡಕದ ನಡುವಯಸ್ಸಿನ ಹೆಂಗಸು, ತಲೆಯೆತ್ತದೆ ಫಾರಮ್ಮು ತುಂಬುತ್ತಿದ್ದರು. ನಾಲ್ವರೂ ಒಳಗೆ ಬಂದದ್ದಕ್ಕೆ ಹುಬ್ಬು ಗಂಟಿಕ್ಕಿದರು. ಹೆಸರು, ವಯಸ್ಸು, ತೂಕ. ಮೂಳೆ ಮುರಿತ? ಇಲ್ಲ. ಕಣ್ಣು? ಸರಿಯಿದೆ. "ತಲನೊಪ್ಪಿ? ವಾಂತುಲು?" ತಲೆನೋವು, ವಾಂತಿ ಇದೆಯಾ ಎಂದು.

ಸಿಂಧೂರ ಒಂದು ಕ್ಷಣ ತಡೆದಳು. ಆಮೇಲೆ ಗಲ್ಲವೆತ್ತಿ, "ಲೇದು ಮೇಡಂ," ಎಂದಳು. ಇಲ್ಲ. ಪೆನ್ನು ಆ ಸಾಲಿನತ್ತ ಹೋಯಿತು.

"ಐತೆ," ಎಂದ ಧನಂಜಯ.

ಉದ್ವೇಗವಾದರೆ ಅವನಿಗೆ ತೆಲುಗು ಕೈಕೊಡುತ್ತದೆ. ಕನ್ನಡದಲ್ಲೇ ಹೇಳುತ್ತಿದ್ದ, ನಿಧಾನವಾಗಿ, ಒಂದೊಂದೇ ಮಾತನ್ನು ಹುಡುಕಿ ತೆಗೆದು ಮೇಜಿನ ಮೇಲಿಟ್ಟಂತೆ. "ಅವಳಿಗೆ ನೋವೈತೆ ಅಮ್ಮಾವ್ರೆ. ರೈಲಲ್ಲಿ ಎಲ್ಡ್ ಸರ್ತಿ ವಾಂತಿ ಮಾಡ್ಕಂಡ್ಳು, ನಾನ್ ಎಚ್ಚರಾಗೇ ಇದ್ದೆ. ನಿದ್ದೆ ಬಂದಂಗ್ ಮಲ್ಗಿದ್ದೆ. ನಂಗೂ ಐತೆ. ದಿನಾ ಬೆಳಿಗ್ಗೆ ಐತೆ. ಹತ್ತೊಂಬತ್ತ್ ವರ್ಸದಿಂದ ಐತೆ. ಇಲ್ಲ ಅನ್ಕಂಡೇ ಬಂದೆ."

"ನಾನ್ನಾ!" ಎಂದು ಸಿಂಧೂರ ಅವನ ತೋಳು ಎಳೆದಳು. ಅವನು ಅಲುಗಲಿಲ್ಲ. ಅವಳು ತೋಳನ್ನು ಬಿಡಲಿಲ್ಲ, ಎಳೆಯುವುದನ್ನು ಮಾತ್ರ ಬಿಟ್ಟಳು.

ಡಾಕ್ಟರಿಗೆ ವಾಂತಿ ಎಂಬುದೊಂದು ಬಿಟ್ಟು ಏನೂ ಅರ್ಥವಾಗಿರಲಿಲ್ಲ. ಒಬ್ಬೊಬ್ಬರ ಮುಖ ನೋಡಿ, ಕೊನೆಗೆ ಹೊನ್ನಪ್ಪನತ್ತ ಪೆನ್ನು ತೋರಿಸಿ, ಇವರು ಏನಂತಿದ್ದಾರೆ, ನಿಮಗೆ ತೆಲುಗು ಬರುತ್ತದಾ ಎಂದು ಕೇಳಿದರು. ಬರುತ್ತದೆ ಎಂದ. ಮಗಳ ತಲೆನೋವನ್ನು ಹೇಳಿದ, ರೈಲಿನ ವಾಂತಿಯನ್ನು ಹೇಳಿದ. ಡಾಕ್ಟರು ಫಾರಮ್ಮಿನ ಮೇಲೆ ಅಡ್ಡಗೆರೆ ಎಳೆದು, ಇವತ್ತು ಇವಳು ಇಳಿಯುವಂತಿಲ್ಲ ಎಂದು ಬರೆದು ಸಹಿ ಮಾಡಿದರು. ಸಿಂಧೂರ ಆ ಕಾಗದವನ್ನೇ ನೋಡುತ್ತಿದ್ದಳು. ಹೊನ್ನಪ್ಪನತ್ತ ತಿರುಗಲಿಲ್ಲ, ಇನ್ನು ತಿರುಗುವುದೂ ಇಲ್ಲವೆಂದು ಅವನಿಗೆ ಅನಿಸಿತು. ಅವನು ಉಳಿದದ್ದನ್ನೂ ಹೇಳಿದ: ತಂದೆಗೂ ನೋವಿದೆಯಂತೆ, ಹತ್ತೊಂಬತ್ತು ವರ್ಷದಿಂದ.

ಡಾಕ್ಟರು ಕನ್ನಡಕ ತೆಗೆದರು. ಹಾಳೆಗಳ ಕಟ್ಟಿನಿಂದ ಬೇರೆ ಒಂದು ಖಾಲಿ ಹಾಳೆಯನ್ನು ಎಳೆದುಕೊಂಡು, ಏಟು ಹೇಗೆ ಬಿತ್ತು, ಮೊದಲಿಂದ ಹೇಳಿ ಎಂದರು.

ಧನಂಜಯ ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿ, ಚೆನ್ನಾಗಿ ಕೇಳಿಸುವ ಕಿವಿಯನ್ನು ಹೊನ್ನಪ್ಪನ ಕಡೆ ಮಾಡಿಕೊಂಡು ಕೂತ.